ಐದು ತಟ್ಟೆ, ಒಬ್ಬರೇ ಟೀಚರ್

ಕೊಡಗಿನ ಕುಶಾಲನಗರದ ಆಸುಪಾಸಿನ ಸರ್ಕಾರಿ ಶಾಲೆಯ, ನಲಿಯುತ್ತ ಕಲಿಯುವ ‘ನಲಿ-ಕಲಿ’ ಕೊಠಡಿಯನ್ನು ಬಾಗಿಲಲ್ಲಿ ನಿಂತು ನೋಡಬೇಕು. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ, ಟೀಚರ್ ಒಬ್ಬರೇ. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಆ ಮೆಟ್ಟಿಲಿನ ಚಿತ್ರವಿರುವ ಕಾರ್ಡು ತೆಗೆದು ತನ್ನ ‘ತಟ್ಟೆ’ಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುತ್ತದೆ. ಒಬ್ಬ ಹುಣಸೆಬೀಜ ಎಣಿಸುತ್ತಿದ್ದರೆ, ಪಕ್ಕದವಳು ಆಗಲೇ ಕಳೆಯುವ ಲೆಕ್ಕದಲ್ಲಿದ್ದಾಳೆ. ಟೀಚರ್ ಕಣ್ಣು ಮಾತ್ರ ಐದೂ ತಟ್ಟೆಗಳ ಮೇಲೆ.

1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ ಕ್ರಮವಿದು. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಯ ಮಗು ವಾರಗಟ್ಟಲೆ ಶಾಲೆ ತಪ್ಪಿಸಿದರೂ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ನಿಮ್ಮೂರ ಶಾಲೆಗೂ ಒಮ್ಮೆ ಹೋಗಿ, ಆ ಟೀಚರ್ ಕೆಲಸ ನೋಡಿ ಬನ್ನಿ.