ಕೋಣೆಯೊಳಗೆ ಯಾರಿದ್ದಾರೆ?

ಬೆಂಗಳೂರಿನಲ್ಲಿ ಡೇ ಕೇರ್ ನೋಡಲು ಹೋದ ತಂದೆತಾಯಿಗೆ ಮೊದಲು ತೋರಿಸುವುದು ಗೋಡೆ. ಅದರ ಮೇಲೆ ಜಿರಾಫೆ, ಕಾಮನಬಿಲ್ಲು, ಇಂಗ್ಲಿಷ್ ಅಕ್ಷರಮಾಲೆ. ಆಮೇಲೆ ಮೆತ್ತನೆಯ ನೆಲಹಾಸು, ವಾರದ ಊಟದ ಪಟ್ಟಿ, ಕೊನೆಗೆ ಆಫೀಸಿನಲ್ಲಿ ಕೂತೇ ಮಗುವನ್ನು ನೋಡಬಹುದಾದ ಸಿಸಿಟಿವಿ. ಮಧ್ಯಾಹ್ನ ಆಯಾ ಊಟಕ್ಕೆ ಹೋದಾಗ ಎಂಟು ತಿಂಗಳ ಕೂಸುಗಳ ಹತ್ತಿರ ಉಳಿಯುವವರು ಎಷ್ಟು ಜನ, ಅವರು ಇಲ್ಲಿಗೆ ಬಂದು ಎಷ್ಟು ಕಾಲವಾಯಿತು, ಅವರಿಗೆ ಸಂಬಳ ಎಷ್ಟು ಎಂಬುದಕ್ಕೆ ಬಣ್ಣದ ಕರಪತ್ರದಲ್ಲಿ ಜಾಗವಿರುವುದಿಲ್ಲ. ಕೇಳಿದರೆ ‘ಎಲ್ಲಾ ಟ್ರೇನ್ಡ್ ಸ್ಟಾಫ್, ಮೇಡಂ’ ಎಂಬ ಉತ್ತರ. ಕೇಳಿದ್ದು ಅಪ್ಪನೇ ಆಗಿದ್ದರೂ ಉತ್ತರ ಹೋಗುವುದು ಮೇಡಂ ಕಡೆಗೇ.

ನಮ್ಮ ಕಾನೂನುಗಳು ನಡೆದದ್ದೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ. ಜಾಗ ಒದಗಿಸಬೇಕಾದವರು ಯಾರು ಎಂದು ಅವು ಖಚಿತವಾಗಿ ಹೇಳುತ್ತವೆ. ಕೂಸನ್ನು ಎತ್ತಿಕೊಳ್ಳುವ ಕೈ ಯಾರದು ಎಂಬಲ್ಲಿ ಅವುಗಳ ದನಿ ತಗ್ಗುತ್ತದೆ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು, 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತು. ಹೆಂಗಸರ ತಲೆ ಮಾತ್ರ ಎಣಿಸುವ ಕಾನೂನು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನೇ ದುಬಾರಿಯಾಗಿಸುತ್ತದೆ ಎಂಬುದು ತಿಳಿಯಲು ದಶಕಗಳೇ ಬೇಕಾದವು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ, ಗಂಡಸರೂ ಸೇರಿ 50 ನೌಕರರಿರುವ ಸಂಸ್ಥೆಗಳಿಗೆ ಕೇಂದ್ರವನ್ನು ಕಡ್ಡಾಯ ಮಾಡಿತು. ಒಳ್ಳೆಯ ತಿದ್ದುಪಡಿ, ಅರ್ಧದ ಮಟ್ಟಿಗೆ. ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರುವ ಹಕ್ಕನ್ನು ಅದು ತಾಯಿಗೆ ಕೊಟ್ಟಿತು. ತಂದೆಗೆ ಮಗು ಇರುವ ಸಂಗತಿ ಅದಕ್ಕೆ ಹೊಳೆಯಲಿಲ್ಲ.

ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಈ ಕಾನೂನಿನ ಪ್ರಕಾರ ತೊಟ್ಟಿಲು ಇರಬಹುದು. ಬೆಳಗಿನ ನೂಕುನುಗ್ಗಲಿನ ಬಸ್ಸಿನಲ್ಲಿ ಕೈಗೂಸನ್ನು ಎತ್ತಿಕೊಂಡು ಅಲ್ಲಿಗೆ ಹೋಗುವುದು ಹೇಗೆ? ಮಗುವನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು, ಹಬ್ಬಕ್ಕೆ ಹೋದಾಗ ನೋಡಿಬರುವ ತಾಯಂದಿರು ಹೊಲಿಗೆ ಸಾಲಿನಲ್ಲಿ ಅಪರೂಪವೇನಲ್ಲ. ಬಟ್ಟೆ ಅಂಗಡಿಯಲ್ಲಿ, ಮನೆಗೆಲಸದಲ್ಲಿ, ಹತ್ತಾರು ಜನರ ಸಣ್ಣ ಆಫೀಸಿನಲ್ಲಿ ದುಡಿಯುವವರಿಗಂತೂ 50ರ ಲೆಕ್ಕ ಮುಟ್ಟುವುದೇ ಇಲ್ಲ.

ಸಂಬಳಸಹಿತ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಅಂಗನವಾಡಿಯಲ್ಲಿ ಮಗು ಕೂತು ಕಲಿಯುವುದು ಮೂರು ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷಕ್ಕೆ ಅಂಗನವಾಡಿ ಕೊಡುವುದು ಮನೆಗೊಯ್ಯುವ ಪೌಷ್ಟಿಕ ಆಹಾರ, ತೂಕ, ಲಸಿಕೆಯ ನೆನಪು. 1975ರಲ್ಲಿ ಅಂಗನವಾಡಿಗಳ ಐಸಿಡಿಎಸ್ ಯೋಜನೆ ಶುರುವಾದಾಗ ಮೊದಲ ಕಂತಿನಲ್ಲೇ ನಮ್ಮ ಟಿ. ನರಸೀಪುರ ಇತ್ತು. ಅರ್ಧ ಶತಮಾನದ ಅನುಭವವಿರುವ ರಾಜ್ಯ ಈ ಕಂದಕವನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಖಾಸಗಿಯವರು ಬಂದರು, ಯಾರ ಅಪ್ಪಣೆಯನ್ನೂ ಕಾಯದೆ ಬಂದರು.

ಪಾನಿಪುರಿ ಗಾಡಿಯವನೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಬಾಡಿಗೆ ಮನೆಯ ಕೆಳಮಹಡಿಯಲ್ಲಿ ಇಪ್ಪತ್ತು ಕೂಸುಗಳನ್ನು ಇಟ್ಟುಕೊಳ್ಳುವವರ ಬಳಿ ವ್ಯಾಪಾರದ ಪರವಾನಗಿ ಇರಬಹುದು. ಆದರೆ ಶಿಶುಪಾಲನೆ ಗೊತ್ತಿದೆಯೇ ಎಂದು ಬಾಗಿಲು ತೆರೆಯುವ ಮೊದಲೇ ಪರೀಕ್ಷಿಸಿ, ಆಮೇಲೂ ಬಂದು ನೋಡುವ ಪದ್ಧತಿ ನಮ್ಮಲ್ಲಿ ಬೇರುಬಿಟ್ಟಿಲ್ಲ. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಖಾಸಗಿ ಪ್ಲೇ ಸ್ಕೂಲುಗಳಿಗೆ ಮಾಡಿದ ಮಾರ್ಗಸೂಚಿ ಶುರುವಾಗುವುದೂ ಮೂರನೇ ವರ್ಷದಿಂದ. ಮಾತು ಬಾರದ ವಯಸ್ಸಿನವರು, ಅಂದರೆ ದೂರು ಹೇಳಲಾರದವರು, ಅದರ ಹೊರಗೇ ಉಳಿದರು.

ಕೆಲಸದ ಜಾಗದ ಕೇಂದ್ರಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ಒಂದು ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಮೂರು ವರ್ಷದೊಳಗಿನ 10 ಮಕ್ಕಳಿಗೆ ತರಬೇತಿಯಾದ ಒಬ್ಬರು, ಜೊತೆಗೆ ಸಹಾಯಕಿ. ಹತ್ತು ಎಂಬುದನ್ನು ಕಾಗದದ ಮೇಲೆ ಬರೆಯುವುದು ಸುಲಭ. ಒಂದು ಕೂಸಿಗೆ ರಾಗಿಸರಿ ತಿನ್ನಿಸುವಾಗ ಇನ್ನೊಂದು ಕಕ್ಕ ಮಾಡಿಕೊಂಡಿರುತ್ತದೆ, ಮೂರನೆಯದು ಬಾಯಿಗೆ ಏನೋ ಹಾಕಿಕೊಂಡಿರುತ್ತದೆ, ನಿದ್ದೆಗೆ ಅಳುವ ನಾಲ್ಕನೆಯದು ಉಳಿದವರನ್ನೂ ಎಬ್ಬಿಸುತ್ತದೆ. ಅವಳಿ ಮಕ್ಕಳನ್ನು ಸಾಕಿದ ಯಾರನ್ನಾದರೂ ಕೇಳಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಪಡೆದ ಕೇಂದ್ರಗಳು ನಾಲ್ಕು ಹಸುಗೂಸುಗಳಿಗೆ ಒಬ್ಬರನ್ನು ಇಡಬೇಕು, ತಪಾಸಣೆಯ ವರದಿಯನ್ನು ಯಾರು ಬೇಕಾದರೂ ಓದಬಹುದು. ಫ್ರೀಮಾಂಟ್, ಸನ್ನಿವೇಲ್‌ನ ಕನ್ನಡಿಗರು ಆ ಫೀಸು ಕೇಳಿ ಬೆಚ್ಚಿ, ಊರಿನಿಂದ ಅಜ್ಜಿಯನ್ನು ಆರಾರು ತಿಂಗಳಿಗೆ ಕರೆಸಿಕೊಳ್ಳುವುದೂ ನಿಜ. ಪರವಾನಗಿ ಬಂದ ಕೂಡಲೇ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಆದರೆ ಆ ಬೆಲೆ ಯಾತಕ್ಕೆ ಎಂಬುದಾದರೂ ಅಲ್ಲಿ ಗೊತ್ತಿರುತ್ತದೆ.

ನಮ್ಮಲ್ಲಿ ಪರವಾನಗಿಯ ಜಾಗಕ್ಕೆ ಬಂದು ಕೂತದ್ದು ಕ್ಯಾಮೆರಾ. 2023ರಲ್ಲಿ ದಕ್ಷಿಣ ಬೆಂಗಳೂರಿನ ಒಂದು ಪ್ರೀ-ಸ್ಕೂಲಿನ ಸಿಸಿಟಿವಿ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಪುಟ್ಟ ಮಗುವೊಂದನ್ನು ಅದಕ್ಕಿಂತ ಸ್ವಲ್ಪ ದೊಡ್ಡ ಮಗು ಮತ್ತೆ ಮತ್ತೆ ಹೊಡೆಯುತ್ತಿದೆ, ಕೋಣೆಯಲ್ಲಿ ದೊಡ್ಡವರು ಯಾರೂ ಇಲ್ಲ. ಆಗ ಬೈಗುಳ ‘ರೌಡಿ’ ಮಗುವಿಗೂ ಅದನ್ನು ಹೆತ್ತವರಿಗೂ ಸಂಸ್ಥೆಗೂ ಹೋಯಿತು. ಕ್ಯಾಮೆರಾ ಮಾತ್ರ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಅದಕ್ಕೆ ಕಣ್ಣಿದೆ, ಮಗುವನ್ನು ಬಿಡಿಸಲು ಕೈಯಿಲ್ಲ. ಮೀಟಿಂಗಿನ ನಡುವೆ ಪರದೆ ನೋಡುವ ತಾಯಿಗೂ ಅಷ್ಟೇ. ಸರ್ಕಾರ ಮಾಡಬೇಕಾದ ಇನ್‌ಸ್ಪೆಕ್ಟರ್ ಕೆಲಸವನ್ನು ಫೀಸು ಕಟ್ಟಿದವರ ತಲೆಗೇ ಕಟ್ಟಿ, ಅದನ್ನು ಪಾರದರ್ಶಕತೆ ಎಂದು ಮಾರಲಾಗುತ್ತಿದೆ.

ಇನ್ನು ದುಡ್ಡು. ಬೆಂಗಳೂರಿನಲ್ಲಿ ಪೂರ್ತಿ ದಿನದ ಡೇ ಕೇರ್ ತಿಂಗಳಿಗೆ 10,000 ರೂಪಾಯಿಯ ಆಸುಪಾಸಿನಿಂದ ಹಿಡಿದು, ಐಟಿ ಕಂಪನಿಗಳ ಸುತ್ತಮುತ್ತ 20,000 ದಾಟಿ ಹೋಗುತ್ತದೆ. ಅಡ್ಮಿಷನ್, ಡಿಪಾಸಿಟ್, ಊಟ ಬೇರೆ. ಸಿಲ್ಕ್ ಬೋರ್ಡ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬಂದದ್ದಕ್ಕೆ ದಂಡ ಬೇರೆ. ಆದಾಯ ತೆರಿಗೆಯ ವಿನಾಯಿತಿ ಪ್ಲೇ ಸ್ಕೂಲಿನ ಬೋಧನಾ ಶುಲ್ಕದವರೆಗೆ ಹಿಗ್ಗುತ್ತದೆ, ಪಾಲನೆಯ ಶುಲ್ಕಕ್ಕೆಂದು ಅಲ್ಲಿ ಜಾಗವಿಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಅದೂ ಇಲ್ಲ. ಕಟ್ಟಿದ ಫೀಸಿನಲ್ಲಿ ಕಟ್ಟಡದ ಬಾಡಿಗೆಗೆ, ಫ್ರಾಂಚೈಸಿ ಹೆಸರಿಗೆ, ಆ ಜಿರಾಫೆಗೆ ಎಷ್ಟು ಹೋಯಿತು, ಆಯಾಗೆ ಎಷ್ಟು ಸಿಕ್ಕಿತು ಎಂದು ಯಾವ ರಸೀದಿಯೂ ಹೇಳುವುದಿಲ್ಲ. ಮನೆಯೊಳಗಿನ ಲೆಕ್ಕ ಇನ್ನೂ ವಿಚಿತ್ರ. ಕಾರಿನ ಕಂತು, ಮನೆಯ ಸಾಲ ಇಬ್ಬರ ಸಂಬಳದಿಂದ, ಡೇ ಕೇರ್ ಮಾತ್ರ ಅಮ್ಮನ ಸಂಬಳದಿಂದ. ‘ಅಷ್ಟು ಕೊಡೋ ಬದಲು ನೀನೇ ಮನೇಲಿರಬಾರದಾ’ ಎಂಬ ಮಾತು ಅತ್ತೆಯದೇ ಆಗಿರಬೇಕಿಲ್ಲ, ಬಹಳ ಓದಿಕೊಂಡ ಗಂಡನದೂ ಆಗಿರುತ್ತದೆ.

ಸರ್ಕಾರದ ಕಡೆ ದರಪಟ್ಟಿ ತಲೆಕೆಳಗು. ಈಗ ‘ಪಾಲನಾ’ ಆಗಿರುವ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬ ತಿಂಗಳಿಗೆ ಕೊಡಬೇಕಿದ್ದದ್ದು 20 ರೂಪಾಯಿ, ಹೆಚ್ಚು ಆದಾಯದವರೂ 200. ಅಲ್ಲಿ ದುಡಿದವರಿಗೆ ಕೊಟ್ಟ ಗೌರವಧನ ಕಾರ್ಯಕರ್ತೆಗೆ 3,000, ಸಹಾಯಕಿಗೆ 1,500. ಕೇಂದ್ರ ತೆರೆದಿರುವ ಅವಧಿ ದಿನಕ್ಕೆ ಏಳೂವರೆ ಗಂಟೆ. ಎಂಟು ಗಂಟೆ ಕೆಲಸವಿರುವ, ಅದರ ಮೇಲೆ ಬಸ್ ಹಿಡಿಯಬೇಕಾದ ತಾಯಿಗೆ ಯಾವ ಲೆಕ್ಕದಲ್ಲಿ ಇದು ಸಾಕಾಗುತ್ತದೆಂದು ಯೋಚಿಸಿದರೋ ತಿಳಿಯದು. ಅಗ್ಗದ ಕೇಂದ್ರವಾಗಲಿ ದುಬಾರಿ ಕೇಂದ್ರವಾಗಲಿ, ಉಳಿತಾಯ ಮಾಡಿದ್ದು ಮಗುವನ್ನು ಎತ್ತಿಕೊಳ್ಳುವವಳ ಸಂಬಳದಲ್ಲೇ.

ಇಷ್ಟರ ನಡುವೆ ರಾಜ್ಯದ ‘ಕೂಸಿನ ಮನೆ’ಯನ್ನು ಮೆಚ್ಚಲೇಬೇಕು. 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ಈ ಯೋಜನೆ, ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಗುರಿಯಾಗಿಸಿಕೊಂಡಿತು. ಅಂದರೆ ಆ ಎರಡೂವರೆ ವರ್ಷದ ಕಂದಕಕ್ಕೇ ಕೈಹಾಕಿತು. ನಗರದ ದುಬಾರಿ ಡೇ ಕೇರಿಗೆ ಇಲ್ಲದ ಸೌಭಾಗ್ಯವೊಂದು ಇದಕ್ಕಿದೆ: ಹೆಸರಿರುವ ಇಲಾಖೆ, ತಪ್ಪಾದರೆ ಕೇಳಬಹುದಾದ ಪಂಚಾಯಿತಿ ಕಟ್ಟೆ, ಕೆಲಸಕ್ಕೆ ಮೊದಲು ತರಬೇತಿ. ಎಡವಿದ್ದು ಆರೈಕೆದಾರರ ವಿಷಯದಲ್ಲೇ. ಅವರ ಕೂಲಿಯನ್ನು ನರೇಗಾ ಲೆಕ್ಕದಲ್ಲೇ ಹೊಂದಿಸಿದ್ದರಿಂದ, ಜಾಬ್ ಕಾರ್ಡಿನ 100 ದಿನದ ಮಿತಿ ಅವರಿಗೂ ಅಂಟಿಕೊಂಡಿತು. ಹಾಗಾಗಿ ಹತ್ತು ಹೆಂಗಸರಿಗೆ ತರಬೇತಿ ಕೊಟ್ಟು ಸರದಿಯ ಮೇಲೆ ಕೂರಿಸುವ ಏರ್ಪಾಟು. ಕೆರೆ ಹೂಳೆತ್ತುವ ಕೆಲಸದಲ್ಲಿ ಈ ಸರದಿ ನ್ಯಾಯವಾದದ್ದು, ಹತ್ತು ಮನೆಗೆ ಕೂಲಿ ಹಂಚಿದಂತಾಯಿತು. ಒಂಬತ್ತು ತಿಂಗಳ ಕೂಸಿಗೆ ಮುಖದ ಗುರುತು ಹತ್ತಿ, ಆ ಕೈಯಿಂದ ಉಣ್ಣಲು ಒಪ್ಪುವ ಹೊತ್ತಿಗೆ ಆಕೆಯ ಪಾಳಿ ಮುಗಿದಿರುತ್ತದೆ. ತರಬೇತಿಯಾದ ಆ ಹತ್ತು ಜನರಲ್ಲಿ ಇಬ್ಬರನ್ನು ವರ್ಷವಿಡೀ ಉಳಿಸಿಕೊಳ್ಳಲು ಕೂಲಿ ದಿನಗಳ ಹಾಜರಿ ಪುಸ್ತಕ ಸಾಲದು. ಪಂಚಾಯಿತಿಯಲ್ಲಿ ವಾಟರ್‌ಮನ್‌ಗೆ, ಬಿಲ್ ಕಲೆಕ್ಟರ್‌ಗೆ ಇರುವಂತೆ ಇವರಿಗೂ ಒಂದು ಹುದ್ದೆ, ತಿಂಗಳ ಸಂಬಳ ಬೇಕು.