ಹೆಬ್ಬೆರಳಿಗೆ ಕಟ್ಟಿದ ಹಗ್ಗ

ಬ್ಯಾಲೆ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಹಿಮ್ಮಡಿಗೆ. ಜಿಗಿದವಳು ಇಳಿದಾಗ ಹಿಮ್ಮಡಿ ಪೂರ್ತಿ ನೆಲಕ್ಕೆ ಕೂತಿತೇ, ಒಂದು ಎಳೆ ಮೇಲೇ ಉಳಿಯಿತೇ? ಸ್ವಿಟ್ಜರ್ಲೆಂಡಿನ ಪ್ರಿ ದ ಲೋಜಾನ್ 1973ರಿಂದ ನಡೆಯುತ್ತಿರುವ ಬ್ಯಾಲೆ ಸ್ಪರ್ಧೆ, 15ರಿಂದ 18 ವರ್ಷದ ಮಕ್ಕಳದ್ದು. ಅದರ ಅಂತಿಮ ಸುತ್ತಿಗಿಂತ, ಸಂಘಟಕರು ಅಂತರ್ಜಾಲದಲ್ಲಿ ತೋರಿಸುವ ಬೆಳಗಿನ ತರಗತಿಗಳೇ ನನಗೆ ಹೆಚ್ಚು ಇಷ್ಟ. ವೇದಿಕೆಯ ಬೆಳಕು, ಉಡುಪು ಯಾವುದೂ ಇಲ್ಲದೆ ಬಾರ್ ಹಿಡಿದು ನಿಂತ ಮಕ್ಕಳ ಕಾಲುಗಳನ್ನು ಅಲ್ಲಿ ಸಾವಧಾನವಾಗಿ ನೋಡಬಹುದು.

ಹೀಗೆ ನೋಡುವುದನ್ನು ನನಗೆ ಕಲಿಸಿದವಳು ಜರ್ಮನಿಯಲ್ಲಿರುವ ಅಕ್ಕನ ಮಗಳು. ಅವಳಿಗೆ ಆಗ 13. ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದುಬಿಟ್ಟಿದ್ದಳು. ನಾನು ಅವರ ಮನೆಗೆ ಹೋಗಿದ್ದಾಗ ಅಡುಗೆಮನೆಯ ಕಟ್ಟೆ ಹಿಡಿದು ತುದಿಗಾಲ ಮೇಲೆ ಏರಿ ಇಳಿಯುತ್ತಿದ್ದಳು. ಬಲಗಾಲಿನ ಬೆರಳುಗಳು ಹಕ್ಕಿ ಕೊಂಬೆ ಹಿಡಿದಂತೆ ನೆಲವನ್ನು ಕಚ್ಚಿಕೊಂಡಿದ್ದವು. ಎಡಗಾಲಿನವು ನೆಟ್ಟಗೆ ಚಾಚಿದ್ದವು.

“ಬಲಗಾಲು ನೋಯ್ತಿದೆಯೇನೇ?” ಅಂದೆ.

“ಇಲ್ಲ ಚಿಕ್ಕಮ್ಮ, ಏನೂ ಇಲ್ಲ.”

ಸುಳ್ಳು ಹೇಳಿದಳು ಎನ್ನಲಾರೆ. ನೋವನ್ನು ತಪ್ಪಿಸಿಕೊಂಡು ಏರುವ ದಾರಿಯನ್ನು ಅವಳ ಕಾಲು ಕಂಡುಕೊಂಡಾಗಿತ್ತು. ಹುಡುಗಿ ನೋವೆಂದು ಹೇಳುವ ಎಷ್ಟೋ ವಾರ ಮೊದಲೇ ಚಲನೆ ಬದಲಾಗಿರುತ್ತದೆ.

ಓದುಗರು ಈಗಲೇ ಒಂದು ಕೆಲಸ ಮಾಡಿ ನೋಡಿ. ಕಾಲಿನ ಒಳಬದಿಯ ಗಿಣ್ಣಿನ ಹಿಂದೆ ಬೆರಳೊತ್ತಿ, ಅದೇ ಕಾಲಿನ ಹೆಬ್ಬೆರಳನ್ನು ಮಡಚಿ ಬಿಡಿಸಿ. ಒಳಗೆ ಹಗ್ಗದಂತಹದ್ದೊಂದು ಸರಿದಾಡಿದಂತಾಗುತ್ತದೆ. ಹೆಬ್ಬೆರಳನ್ನು ಮಡಚುವ ಸ್ನಾಯುವಿನ ರಜ್ಜು ಅದು. ಸ್ನಾಯು ಇರುವುದು ಮೀನಖಂಡದ ಆಳದಲ್ಲಿ. ಅದರ ರಜ್ಜು ಗಿಣ್ಣಿನ ಹಿಂದಿನ ಇಕ್ಕಟ್ಟಾದ ಓಣಿಯಲ್ಲಿ, ರಾಟೆಯ ಮೇಲಿನ ಬಾವಿಹಗ್ಗದಂತೆ, ತಿರುಗಿ ಅಂಗಾಲಿನ ಕೆಳಗೆ ಹಾದು ಹೆಬ್ಬೆರಳ ತುದಿ ಸೇರುತ್ತದೆ. ಮಂಡಿ ಬಾಗಿಸುವ ಪ್ಲಿಯೆಯಲ್ಲಿ ಇದು ಎಳೆದುಕೊಳ್ಳುತ್ತದೆ, ತುದಿಗಾಲ ರೆಲವೇಯಲ್ಲಿ ಕುಗ್ಗುತ್ತದೆ. ಒಂದು ತರಗತಿಯಲ್ಲಿ ಇಂತಹ ಏರಿಳಿತ ನೂರಾರು ಸಲ. ಹಿಮ್ಮಡಿಯನ್ನು ಎತ್ತಬೇಕಾದ ಮೀನಖಂಡ ದಣಿದರೆ ಈ ಸಣ್ಣ ಸ್ನಾಯು ಅದರ ಹೊರೆಗೂ ಹೆಗಲು ಕೊಡುತ್ತದೆ. ಬೆರಳು ನೆಲ ಕಚ್ಚುವುದು ಆಗಲೇ. ಉಜ್ಜಿ ಉಜ್ಜಿ ರಜ್ಜು ಊದಿಕೊಳ್ಳುತ್ತದೆ, ಕೆಲವರಿಗೆ ಹೆಬ್ಬೆರಳು ಟಕ್ಕೆಂದು ಸಿಕ್ಕಿಕೊಳ್ಳುವುದೂ ಉಂಟು. ಗಿಣ್ಣಿನ ಹಿಂದೆ, ಆ ರಜ್ಜುವಿನ ಪಕ್ಕದಲ್ಲೇ ಕೆಲವರಿಗೆ ಪುಟ್ಟ ಹೆಚ್ಚುವರಿ ಮೂಳೆಯೊಂದು ಇರುತ್ತದೆ. ಬೆಳೆಯುವ ಹೊತ್ತಿನಲ್ಲಿ ದೊಡ್ಡ ಮೂಳೆಯೊಡನೆ ಬೆಸೆದುಕೊಳ್ಳದೆ ಉಳಿದದ್ದು. ಪಾದವನ್ನು ಪೂರ್ತಿ ಚಾಚಿದಾಗ ಅಡಕತ್ತರಿಗೆ ಸಿಕ್ಕ ಅಡಕೆಯ ಪಾಡು ಅದರದು.

ಇದು ತುದಿಗಾಲ ನರ್ತಕಿಯರನ್ನು ಹೆಚ್ಚು ಕಾಡುವ ಕಾಯಿಲೆ. 1832ರಲ್ಲಿ ಪ್ಯಾರಿಸ್ಸಿನ ವೇದಿಕೆಯಲ್ಲಿ ‘ಲಾ ಸಿಲ್ಫೀಡ್’ ಆಡಿದ ಮಾರಿ ತಲ್ಯೋನಿಯ ಪಾದರಕ್ಷೆಗೆ ಇಂದಿನಂತಹ ಗಟ್ಟಿ ತುದಿ ಇರಲಿಲ್ಲ. ಮೆತ್ತನೆಯ ಸ್ಯಾಟಿನ್, ಒಂದಿಷ್ಟು ಹೊಲಿಗೆ, ಉಳಿದದ್ದೆಲ್ಲ ಕಾಲಿನ ಬಲ. 1895ರಲ್ಲಿ ಪಿಯೆರಿನಾ ಲೆನ್ಯಾನಿ ಸೇಂಟ್ ಪೀಟರ್ಸ್‌ಬರ್ಗಿನ ‘ಸ್ವಾನ್ ಲೇಕ್’ನಲ್ಲಿ ಒಂಟಿಕಾಲ ಮೇಲೆ 32 ಫುವೆತೆ ಸುತ್ತಿದಳು. ಆ ಹೊತ್ತಿಗೆ ಬಟ್ಟೆಯ ಪದರಗಳಿಗೆ ಅಂಟು ಮೆತ್ತಿ ಒಣಗಿಸಿದ ತುದಿ ಬಂದಿತ್ತು. ಅಂದಿನಿಂದ ಆ 32 ಎಲ್ಲ ಹುಡುಗಿಯರ ತಲೆಯ ಮೇಲೂ ಕೂತಿದೆ.

ಇನ್ನೊಂದು ಮೋಸ ನಡೆಯುವುದು ಟರ್ನ್‌ಔಟಿನಲ್ಲಿ. ಕಾಲು ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ, ಅದರ ಹಿಂದೆ ಅಡಗಿದ ಆರು ಪುಟ್ಟ ಸ್ನಾಯುಗಳ ಬಲದಿಂದ. ಕೀಲಿನ ಆಕಾರ ಎಷ್ಟಕ್ಕೆ ಒಪ್ಪುತ್ತದೋ ಅಷ್ಟೇ. ಎರಡು ಪಾದ ಸೇರಿ 180 ಡಿಗ್ರಿಯ ನೇರ ಗೆರೆ ಆಗುವುದು ಬಹಳ ಅಪರೂಪ. ಉಳಿದವರು ಪಾದವನ್ನು ನೆಲಕ್ಕೆ ಒತ್ತಿ ಬಲವಂತವಾಗಿ ತಿರುಗಿಸುತ್ತಾರೆ. ಮಂಡಿ ತಿರುಚುತ್ತದೆ, ಅಂಗಾಲಿನ ಕಮಾನು ಒಳಕ್ಕೆ ಕುಸಿಯುತ್ತದೆ, ಆಗಲೇ ಹೇಳಿದ ಹಗ್ಗ ಇನ್ನಷ್ಟು ಬಿಗಿಯುತ್ತದೆ. ನಮ್ಮ ಭರತನಾಟ್ಯದ ಅರಮಂಡಿಯಲ್ಲೂ ಇದೇ ಕಥೆ. ತೊಡೆ ತಿರುಗದೆ ಪಾದ ಮಾತ್ರ ತಿರುಗಿದರೆ ದಂಡ ತೆರುವುದು ಮಂಡಿ.

ತರಗತಿಯ ಮಾರನೇ ದಿನ ಎರಡೂ ತೊಡೆ ಭಾರವಾಗಿ ನೋಯುವುದು ಬೇರೆ. ಅದು ದುಡಿದ ಸ್ನಾಯುವಿನ ನೋವು, ಮೈ ಬಿಸಿಯಾದರೆ ಸಡಿಲಾಗುತ್ತದೆ, ಕೆಲವು ದಿನಗಳಲ್ಲಿ ಹೋಗುತ್ತದೆ. ಒಂದೇ ಬೆರಳಿನಲ್ಲಿ ತೋರಿಸಬಹುದಾದ ನೋವು, ಪ್ರತಿ ಸಲ ಅದೇ ಚಲನೆಗೆ ಬರುವ ನೋವು ನನ್ನ ನಿದ್ದೆ ಕೆಡಿಸುತ್ತದೆ. ನೊಂದ ಕೀಲಿನ ಸುತ್ತಲಿನ ಸ್ನಾಯುಗಳ ಕೆಲಸವನ್ನು ನರವ್ಯೂಹ ತಾನಾಗಿ ತಗ್ಗಿಸುತ್ತದೆ, ಪಕ್ಕದವುಗಳಿಗೆ ಹೊರಿಸುತ್ತದೆ. ನೋವು ಮಾಯವಾದ ಮೇಲೂ ಆ ಹಂಚಿಕೆ ಹಾಗೇ ಉಳಿಯಬಹುದು. ಹನ್ನೆರಡು ಹದಿಮೂರರ ಹುಡುಗಿಗಂತೂ ಮೂಳೆ ಮುಂದೆ ಓಡಿ ಸ್ನಾಯು ಹಿಂದೆ ಉಳಿದಿರುತ್ತದೆ, ನಿನ್ನೆವರೆಗೆ ಒಲಿದಿದ್ದ ಹೆಜ್ಜೆ ಇಂದು ಎಡವುತ್ತದೆ. ಗಟ್ಟಿ ತುದಿಯ ಪಾದರಕ್ಷೆ ಕೈಗೆ ಬರುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ! ಆ ವರ್ಷ ಅಭ್ಯಾಸ ತಗ್ಗಿಸುವ ಗುರುವೇ ನನ್ನ ಮಟ್ಟಿಗೆ ದೊಡ್ಡ ಗುರು. ನೋವು ನುಂಗಿ ಕುಣಿದಳೆಂದು ಚಪ್ಪಾಳೆ ತಟ್ಟುವುದನ್ನು ನಾನಂತೂ ಬಿಟ್ಟಿದ್ದೇನೆ.

ಅಕ್ಕನ ಮಗಳಿಗೆ ಫಿಸಿಯೊಥೆರಪಿಸ್ಟ್ ಕೆಲವು ವಾರ ಆ ಪಾದರಕ್ಷೆಯನ್ನೇ ಎತ್ತಿಡಿಸಿದರು. ಗೋಡೆ ಹಿಡಿದು, ಬೆರಳು ಮಡಚದೆ, ನಿಧಾನವಾಗಿ ಏರಿ ಅದಕ್ಕಿಂತ ನಿಧಾನವಾಗಿ ಇಳಿಯುವುದೊಂದೇ ಕೆಲಸ. ಅತ್ತಳು, ಮುನಿಸಿಕೊಂಡಳು, ಮಾಡಿದಳು. ಹೋದ ವಾರ ಒಂದು ವಿಡಿಯೊ ಕಳಿಸಿದ್ದಳು, ಸಣ್ಣ ಜಿಗಿತಗಳದ್ದು. ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಏಳನೇ ಜಿಗಿತದವರೆಗೆ ಎರಡೂ ಹಿಮ್ಮಡಿ ನೆಲಕ್ಕೆ ಕೂತಿದ್ದವು. ಎಂಟನೆಯದಕ್ಕೆ ಬಲಗಾಲು ಕೂರಲಿಲ್ಲ. ನಾನು ಹೇಳುವ ಮೊದಲೇ ಅವಳು ಕೆಳಗೆ ಬರೆದಿದ್ದಳು: “ಎಂಟಕ್ಕೆ ನಿಲ್ಲಿಸಿದೆ ಚಿಕ್ಕಮ್ಮ.”