ಕೆಟ್ಟವನ ಬಾಯಲ್ಲಿ ಹಾಡು

ಮಗಳ ಜೊತೆ 'ಟಾಯ್ ಸ್ಟೋರಿ' ನೋಡುತ್ತಿದ್ದ ಕಾಲದಲ್ಲಿ ರ‍್ಯಾಂಡಿ ನ್ಯೂಮನ್ ಎಂದರೆ ನನಗೆ ಮಕ್ಕಳ ಸಿನಿಮಾಕ್ಕೆ ಹಾಡು ಕಟ್ಟುವ ಒರಟು ದನಿಯ ಮನುಷ್ಯ, ಅಷ್ಟೆ. ಆತನ 1972ರ 'ಸೇಲ್ ಅವೇ' ಕೇಳಿದ್ದು ಬಹಳ ತಡವಾಗಿ. ಶೀರ್ಷಿಕೆ ಗೀತೆಯ ರಾಗ ದೇವರನಾಮದಷ್ಟು ಹಿತ. ಅಮೆರಿಕದಲ್ಲಿ ಊಟಕ್ಕೆ ಬರವಿಲ್ಲ, ಅಲ್ಲಿ ಎಲ್ಲರೂ ಸುಖಿಗಳು, ಹಡಗು ಹತ್ತಿ ಎಂದು ಯಾರೋ ಕರೆಯುತ್ತಿದ್ದಾನೆ. ಎರಡನೆಯ ಸಲ ಕೇಳಿದಾಗ ಹೊಳೆಯಿತು: ಕರೆಯುತ್ತಿರುವವನು ಗುಲಾಮರ ವ್ಯಾಪಾರಿ, ಕೇಳಿಸಿಕೊಳ್ಳುತ್ತಿರುವವರು ಆಫ್ರಿಕದವರು. ಹಾಡಿನಲ್ಲಿ ಸರಪಳಿಯ ಸದ್ದಿಲ್ಲ, ಸಿಟ್ಟಿನ ಒಂದು ಮಾತೂ ಇಲ್ಲ. ಅಂಥದೇ ಜಾಹೀರಾತು ನಂಬಿ ನಾನೂ ಬಂದವನೇ. ಆದರೆ ನನ್ನ ಜೇಬಿನಲ್ಲಿ ಪಾಸ್‌ಪೋರ್ಟ್ ಇತ್ತು. ಬೇಡವೆನಿಸಿದರೆ ವಾಪಸು ಹೋಗಬಹುದಿತ್ತು.

ಕೆಟ್ಟವನನ್ನು ಬೈಯದೆ ಅವನ ಕೈಗೇ ಮೈಕು ಕೊಡುವುದು ನ್ಯೂಮನ್ ಹಿಡಿದ ದಾರಿ. ಕನ್ನಡದ ಮೇಷ್ಟ್ರು ರಾಜರತ್ನಂ, ಕುಡುಕ ರತ್ನನ ಬಾಯಲ್ಲಿ ಹಾಡಿದ್ದನ್ನು ಬಲ್ಲ ನಮಗೆ ಈ ವೇಷ ತೀರಾ ಹೊಸದಲ್ಲ. ಆದರೆ ರತ್ನ ನಮಗೆ ಬೇಕಾದವನು, ಮನೆಗೆ ಕರೆಯಬಹುದು. ನ್ಯೂಮನ್‌ನ ಜನರನ್ನು ಬಾಗಿಲಲ್ಲೇ ತಡೆಯಬೇಕೆನಿಸುತ್ತದೆ. 'ಪೊಲಿಟಿಕಲ್ ಸೈನ್ಸ್'ನಲ್ಲಿ ಒಬ್ಬ ದೇಶಭಕ್ತ ಲೋಕಕ್ಕೆಲ್ಲ ಬಾಂಬು ಹಾಕೋಣ ಎನ್ನುತ್ತ ಆಸ್ಟ್ರೇಲಿಯಾವನ್ನು ಮಾತ್ರ ಕಾಂಗರೂಗಳ ಮೇಲಿನ ಕರುಣೆಯಿಂದ ಬಿಟ್ಟುಬಿಡುತ್ತಾನೆ. (ಸಿಡ್ನಿಯ ಗೆಳೆಯರು ನಿಶ್ಚಿಂತೆಯಿಂದಿರಬಹುದು.) 1977ರ 'ಶಾರ್ಟ್ ಪೀಪಲ್'ನಲ್ಲಿ ಕುಳ್ಳರನ್ನು ಜರೆಯುವ ಪೂರ್ವಗ್ರಹಿಯನ್ನೇ ಕವಿಯೆಂದು ತಿಳಿದು ಬಹಳ ಮಂದಿ ಸಿಟ್ಟಾದರು. ನನಗೆ ಅದು ಸ್ವಲ್ಪ ತೆಳುವಾದ ಹಾಡು.

ನನ್ನನ್ನು ನಿಜವಾಗಿ ಕೆಡವಿದ್ದು 1974ರ 'ರೆಡ್‌ನೆಕ್ಸ್'. ದಕ್ಷಿಣದ ಬಿಳಿಯನೊಬ್ಬ ತನ್ನ ದಡ್ಡತನ, ಜನಾಂಗದ್ವೇಷ ಎಲ್ಲವನ್ನೂ ಹೆಮ್ಮೆಯಿಂದ ಒಪ್ಪಿಕೊಳ್ಳುತ್ತಾನೆ. ನಾವು ನಗುತ್ತೇವೆ. ಆಮೇಲೆ ಅವನು ಉತ್ತರದ ಸಭ್ಯರ ಕಡೆ ತಿರುಗಿ, ಕರಿಯರನ್ನು ನೀವು ಕೂಡಿಹಾಕಿರುವ ಕೇರಿಗಳಿವು ಎಂದು ಒಂದೊಂದೇ ಹೆಸರು ಹೇಳುತ್ತಾನೆ. ನ್ಯೂಯಾರ್ಕಿನ ಹಾರ್ಲೆಮ್ ಬರುತ್ತದೆ, ಶಿಕಾಗೋದ ಸೌತ್ ಸೈಡ್ ಬರುತ್ತದೆ. ಹೇಳುವವನು ನೀಚ, ಆದರೆ ಪಟ್ಟಿ ಸುಳ್ಳಲ್ಲ.

ನಾನು ಶಿಕಾಗೋ ಸೆರಗಿನ ಊರಿನವನು. ಬಂದ ವಾರವೇ ನಮ್ಮವರೊಬ್ಬರು "ಸೌತ್ ಸೈಡ್ ಕಡೆ ಹೋಗ್ಬೇಡಿ ಮಾರಾಯ್ರೆ" ಎಂದಿದ್ದರು. ಹೋಗಲಿಲ್ಲ. ಮುಂದೆ ಶಾಲೆಯ ರೇಟಿಂಗ್ ನೋಡಿ ಮನೆ ಕೊಂಡೆವು. ಹೊಸದಾಗಿ ಬಂದವರಿಗೆ ಆ ಮಾತನ್ನೇ ನಾನೂ ದಾಟಿಸಿದ್ದೇನೆ.

ಆ ಹಾಡಿನಲ್ಲಿ ಕರಿಯರನ್ನು ಹೀಗಳೆಯುವ ಪದ ಮತ್ತೆ ಮತ್ತೆ ಬರುತ್ತದೆ. ಅದನ್ನು ಈಗಲೂ ಕಾರಿನ ಕಿಟಕಿ ಏರಿಸಿಕೊಂಡೇ ಕೇಳುತ್ತೇನೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರು ಬಂದು ನಿಂತರೆ ದನಿ ತಗ್ಗಿಸುತ್ತೇನೆ.